ಹನ್ನೊಂದನ್ನು ತೊಳೆಯುವ ಮೊದಲು

ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕಪಾಟಿನ ಹಿಂದೆ ಮೊಣಕಾಲೂರಿ, ಹತ್ತನೆಯ ಯಂತ್ರದ ಕೇಬಲ್ಲಿಗೆ ಚೀಟಿ ಸುತ್ತುತ್ತಿದ್ದೆ. ಅಂಟು ಕೇಬಲ್ಲು ಬಿಟ್ಟು ನನ್ನ ಬೆರಳನ್ನೇ ಹಿಡಿದುಕೊಂಡಿತು. ಹಾಳಾಗಿ ಹೋಗಲಿ ಎಂದು ಇನ್ನೊಂದು ಚೀಟಿ ಹರಿದು ಅಂಟಿಸಿ, ಎದ್ದು ಈಚೆ ಬರುವಷ್ಟರಲ್ಲಿ ಪರದೆಯ ಮೇಲೆ ನಾಲ್ಕು ಸಾಲು ಮುಂದೆ ಹೋಗಿತ್ತು.

ಒಂಬತ್ತು ಎದ್ದಿತು. ಒಂಬತ್ತನ್ನು ತೊಳೆದೆ. ಒಂಬತ್ತಕ್ಕೆ ಹೆಸರಿಟ್ಟೆ. ಒಂಬತ್ತು ಮನೆ ಸೇರಿತು.

ನಾನು ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ಎರಡನೇ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಕೋಣೆ, ಇಪ್ಪತ್ನಾಲ್ಕು ಸರ್ವರ್‌ಗಳು, ಅವುಗಳ ಫ್ಯಾನಿನ ಮೊರೆತ, ವರ್ಷವಿಡೀ ಚಳಿ. ಇಷ್ಟು ದಿನ ಒಂದೊಂದು ಯಂತ್ರಕ್ಕೆ ಒಂದೊಂದು ಕೆಲಸವಿತ್ತು. ಇದು ಔಷಧಿ ವಿಭಾಗದ್ದು, ಅದು ರಕ್ತಪರೀಕ್ಷೆಯದು ಎಂದು ಅವು ಬೇರೆ ಬೇರೆ ಸಂಸಾರ ಮಾಡಿಕೊಂಡಿದ್ದವು. ಇನ್ನು ಮೇಲೆ ಎಲ್ಲ ಕೂಡಿ ಒಂದೇ ಆಗಿ, ಯಾರಿಗೆ ಎಷ್ಟು ಬಲ ಬೇಕೋ ಅಷ್ಟನ್ನು ಹಂಚಿಕೊಡಬೇಕು. ಆಸ್ಪತ್ರೆಯ ಸ್ವಂತ ಕ್ಲೌಡ್. ರೋಗಿಗಳ ದಾಖಲೆಗಳನ್ನು ಹೋದ ವಾರವೇ ಪಕ್ಕದ ಕಟ್ಟಡಕ್ಕೆ ಸಾಗಿಸಿದ್ದೆವು. ಇಲ್ಲಿ ಉಳಿದದ್ದು ಬರಿಯ ಕಬ್ಬಿಣ. ಒಂದೊಂದನ್ನೂ ಎಬ್ಬಿಸಿ, ಅದರ ಡಿಸ್ಕ್ ತೊಳೆದು, ಹೊಸ ವ್ಯವಸ್ಥೆ ಹಾಸಿ, ಹೆಸರಿಟ್ಟು, ಉಳಿದವುಗಳ ಜೊತೆ ಸೇರಿಸಬೇಕು. ಕೈಯಲ್ಲಿ ಮಾಡಿದರೆ ಒಂದಕ್ಕೆ ಅರ್ಧ ದಿನ. ಆದರೆ ಬೆಳಿಗ್ಗೆ ಬಂದು ಒಂದೇ ಒಂದು ಸಾಲು ಟೈಪ್ ಮಾಡಿದರೆ ಒಂದಾದ ಮೇಲೊಂದು ತಾವಾಗಿಯೇ ಎದ್ದು ಸಾಲಿಗೆ ಬರುತ್ತವೆ. ಹಾಗೆ ಬರೆದಿಟ್ಟವಳು ಅಕ್ಕ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಇದೇ ಕೋಣೆಯಲ್ಲಿ ಆರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಕೆಲಸ ಕಲಿಸಿದವಳು. ಅವಳು ತೀರಿಹೋಗಿ ಒಂಬತ್ತು ವರ್ಷವಾಯಿತು. ಬೇರೆಯವರು 'ಡಿಸ್ಕ್ ಅಳಿಸಲಾಗಿದೆ' ಎಂದು ಬರೆಯುವ ಕಡೆ ಅವಳು 'ತೊಳೆದೆ' ಎಂದು ಬರೆಯುತ್ತಿದ್ದಳು. ಪಾತ್ರೆ ತೊಳೆದೆ, ಮಗುವಿನ ಮುಖ ತೊಳೆದೆ ಎನ್ನುವ ಹಾಗೆ. ಅವಳಿಲ್ಲ. ಅವಳ 'ನಾನು' ಮಾತ್ರ ಒಂದು ದಿನವೂ ರಜೆ ಹಾಕದೆ ಕೆಲಸಕ್ಕೆ ಬರುತ್ತದೆ.

ಕೂತಿರುವ ಕುರ್ಚಿ ಅವಳದು. ಬೆನ್ನಿನ ತಿರುಪು ಅವಳ ಎತ್ತರಕ್ಕೆ ಬಿಗಿದಿದ್ದು, ನನಗೆ ಸರಿಹೋಗುವುದಿಲ್ಲ, ಸಡಿಲಿಸಿಯೂ ಇಲ್ಲ. ಮೇಜಿನ ಮೇಲಿನ ಫೋನು, ನಂಬರು ೨೧೭, ಅವಳದು. ಅವಳು ಹೋದ ಮೂರು ವರ್ಷಕ್ಕೆ ಅವಳ ಗಂಡ ನನ್ನನ್ನು ಮದುವೆಗೆ ಕೇಳಿದರು. ನಾನು ಒಂದು ತಿಂಗಳು ಯೋಚಿಸಿ ಹೂಂ ಅಂದೆ. ಆ ವಾರ ಲಿಫ್ಟಿನಲ್ಲಿ ಒಬ್ಬ ನರ್ಸ್ ಇನ್ನೊಬ್ಬಳಿಗೆ, ನಾನು ಹಿಂದೆ ನಿಂತಿರುವುದನ್ನು ನೋಡದೆ, "ಕುರ್ಚಿ ಜೊತೆಗೆ ಮನೇನೂ ಚಾರ್ಜ್ ತಗೊಂಡ್ಲು ನೋಡು" ಎಂದಳು. ಅದು ನಿಜವಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದನ್ನು ನಂಬುವುದಕ್ಕೆ ಮಾತ್ರ ಆಗಾಗ ಕಷ್ಟವಾಗುತ್ತದೆ.

ಅಕ್ಕನ ಮಗಳಿಗೆ ಆಗ ಒಂಬತ್ತು, ಈಗ ಹದಿನೈದು. ತಾಯಿ ಇದ್ದಾಗಲೂ ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದಳು, ಈಗಲೂ ಹಾಗೇ ಅನ್ನುತ್ತಾಳೆ. ಹೋದ ಭಾನುವಾರ ಜಡೆ ಹಾಕಲು ಕೂರಿಸಿಕೊಂಡಾಗ ತಟ್ಟನೆ ತಲೆ ಎಳೆದುಕೊಂಡಳು.

"ಎಡಗಡೆ ಮೊದಲು ಹಾಕ್ಬೇಕು ಅಂತ ನಿಂಗೆ ಯಾರು ಹೇಳಿಕೊಟ್ರು?"

"ಯಾರೂ ಹೇಳ್ಲಿಲ್ಲ. ಬಲಗಡೆ ಹಿಡಿದ್ರೆ ನೀನೇ ಕಿರುಚ್ತಿದ್ದೆ. ಒದ್ದೂ ಇದ್ದೀಯ."

"ಎಲ್ಲಾ ಅಮ್ಮನ ಥರಾನೇ ಮಾಡ್ತೀಯ. ಒಳ್ಳೆ ಕಾಪಿ ಹೊಡ್ದಂಗೆ." ಸ್ವಲ್ಪ ಹೊತ್ತು ಬಾಚಣಿಗೆಯ ಹಲ್ಲು ಮೀಟುತ್ತ ಕೂತು, ಧ್ವನಿ ಇಳಿಸಿ ಕೇಳಿದಳು. "ಅಮ್ಮ ನಂಗೆ ಅಂತ ಏನೂ ಬಿಟ್ಟು ಹೋಗ್ಲಿಲ್ವಾ ಚಿಕ್ಕಮ್ಮ? ಒಂದು ಕಾಗದಾನೂ? ನೀನು ಪಕ್ಕದಲ್ಲೇ ಇದ್ದೆಯಲ್ಲ."

"ಇಲ್ಲ ಪುಟ್ಟಿ."

"ಆಸ್ಪತ್ರೆ ಮಷೀನಿಗೆಲ್ಲ ಪುಟಗಟ್ಲೆ ಬರೆದಿಟ್ಟಿದ್ಲು ಅಂತೀಯ. ನಂಗೆ ಬರೆಯಕ್ಕೆ ಟೈಮ್ ಸಿಗ್ಲಿಲ್ಲ."

ಒಂದು ವಾರದಿಂದ ಜಡೆ ತಾನೇ ಹಾಕಿಕೊಳ್ಳುತ್ತಿದ್ದಾಳೆ. ಬೈತಲೆ ಸೊಟ್ಟ.

ಬಾಗಿಲು ತೆರೆದು ತಂಪು ಮಾಮ ಬಂದ. ಹವಾನಿಯಂತ್ರಣ ನೋಡಿಕೊಳ್ಳುವವನು. ಮೂವತ್ತು ವರ್ಷದಿಂದ ಈ ಕೋಣೆಯನ್ನು ತಣ್ಣಗಿಡುತ್ತ, ತಾನು ಬೇಸಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಓಡಾಡುತ್ತಾನೆ.

"ಏನಮ್ಮಾ, ಮೋಡ ಕಟ್ತಾ ಇದೀಯಂತೆ? ಮೋಡ ಅಂದ್ಮೇಲೆ ಮೇಲಿರ್ಬೇಕಪ್ಪ. ನೆಲಮಾಳಿಗೇಲಿ ಯಾರು ಕಟ್ತಾರೆ?"

"ನೀನು ಚಳಿ ಸರಿಯಾಗಿ ಇಡು ಮಾಮ, ಉಳಿದಿದ್ದು ನಾನು ನೋಡ್ಕೋತೀನಿ."

"ಇಟ್ಟೇ ಇದೀನಿ. ಅಲ್ಲಿ ನೋಡು, ಅದೊಂದು ಮತ್ತೆ ಶುರು ಮಾಡ್ತು."

ಹನ್ನೊಂದರ ಫ್ಯಾನು ಒಮ್ಮೆಲೇ ಜೋರಾಗಿ ತಿರುಗತೊಡಗಿತ್ತು. ಎಷ್ಟೋ ದೂರ ಓಡಿ ಬಂದವರ ಉಸಿರಿನ ಹಾಗೆ ಅದು ಏರಿ, ನಿಧಾನಕ್ಕೆ ಇಳಿಯಿತು. ಅದರ ಬೆನ್ನಿಗೇ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು.

"ಎತ್ತಮ್ಮ. ಮೇಲಿಂದ ಇರ್ಬೇಕು."

ಎತ್ತಿ ಹಲೋ ಅಂದೆ. ಆ ಕಡೆ ಯಾರೂ ಮಾತಾಡಲಿಲ್ಲ. ಲೈನು ಸತ್ತಿರಲಿಲ್ಲ. ಯಾರೋ ನನ್ನ ಉತ್ತರಕ್ಕೆ ಕಾಯುವಾಗಿನ ಮೌನ, ಅದರ ಹಿಂದೆ ಸಣ್ಣ ಮೊರೆತ. ಇನ್ನೊಂದು ಸಲ ಹಲೋ ಅಂದೆ. ಅರ್ಧ ನಿಮಿಷಕ್ಕೆ ತಾನಾಗಿಯೇ ಕಟ್ಟಾಯಿತು. ಪರದೆಯ ಕಡೆ ನೋಡಿದೆ. ಸಾಲುಗಳು ನಿಂತಿದ್ದವು.

ಹನ್ನೊಂದು ಎದ್ದಿತು. ಹನ್ನೊಂದನ್ನು ತೊಳೆಯುವ ಮೊದಲು ನನ್ನನ್ನು ಕೇಳಿ. ೨೧೭ಕ್ಕೆ ಫೋನ್ ಮಾಡುತ್ತಿದ್ದೇನೆ. ತೊಳೆಯಬಹುದಾದರೆ ೧ ಒತ್ತುತ್ತೇನೆ, ಬಿಡಬೇಕಾದರೆ ೦. ಒತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ.

ಕೈಯಲ್ಲಿ ರಿಸೀವರ್ ಇನ್ನೂ ಇತ್ತು. ಅದನ್ನು ಮೆಲ್ಲಗೆ ಇಟ್ಟೆ.

"ಯಾಕಮ್ಮ, ಮುಖ ಹಿಂಗಾಯ್ತು?"

"ಏನಿಲ್ಲ ಮಾಮ. ರಾಂಗ್ ನಂಬರ್."

ಅವನು ಕಣ್ಣು ಕಿರಿದು ಮಾಡಿ ಪರದೆಯ ಕಡೆ ನೋಡಿದ. ಕನ್ನಡಕ ತಂದಿರಲಿಲ್ಲ, ಸದ್ಯ. "ಆ ಹನ್ನೊಂದರ ಹತ್ರ ನಾನು ಹೋಗಲ್ಲಪ್ಪ. ನಿಮ್ಮಕ್ಕ ಕೊನೆ ಕೊನೆಗೆ ಅದರ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿರ್ತಿದ್ರು. 'ಇಲ್ಲೊಂದು ಬೆಚ್ಚಗಿದೆ ಮಾಮ' ಅಂತಿದ್ರು. ಕೂದಲೆಲ್ಲ ಹೋಗಿತ್ತಲ್ಲ ಆಗ, ಟೋಪಿ ಹಾಕ್ಕೊಂಡು." ಹಾಗೆಂದವನೇ, ಮೇಲೆ ಎರಡನೇ ಮಹಡಿಯಲ್ಲಿ ನೀರು ಸೋರುತ್ತಿದೆ ಎಂದು ಹೊರಟುಹೋದ.

ಹೆದರಿಕೆ ಆಗಿದ್ದು ಆಮೇಲೆ. ಕಾರಣ ಗೊತ್ತಾದ ಮೇಲೆ. ತಪ್ಪು ನನ್ನದೇ. ಈ ಸಲ ಎಲ್ಲ ಯಂತ್ರಗಳನ್ನೂ ಹೊಸದಾಗಿ ಕಟ್ಟಬೇಕು ಎಂದಾಗ ನಾನು ಅಕ್ಕ ಬರೆದಿದ್ದನ್ನು ಪೂರ್ತಿ ಓದದೆ ಹಾಗೆಯೇ ಎತ್ತಿ ಹೊಸ ಕಡೆ ಹಾಕಿದ್ದೆ. ನಮ್ಮ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಓಡುತ್ತಿರುವುದರ ಹೊಟ್ಟೆ ಬಗೆದು ನೋಡುವ ಧೈರ್ಯ ಯಾರಿಗೂ ಇರುವುದಿಲ್ಲ. ಹನ್ನೊಂದು ಒಂಬತ್ತು ವರ್ಷದಿಂದ ಒಂದು ಕೆಲಸವೂ ಇಲ್ಲದೆ ಮೂಲೆಯಲ್ಲಿ ಉರಿಯುತ್ತಿತ್ತು. ಯಾರೂ ಅದನ್ನು ತೊಳೆಯಲು ಹೋಗಿರಲಿಲ್ಲ, ಹಾಗಾಗಿ ಅದು ಯಾರನ್ನೂ ಕೇಳಿರಲಿಲ್ಲ. ಅಕ್ಕ ಈ ಸಾಲು ಬರೆದದ್ದು ತನಗಾಗಿ. ಆಗ ೨೧೭ ಅವಳ ನಂಬರು. ಅವಳು ಅವಳಿಗೇ ಫೋನ್ ಮಾಡಿಕೊಳ್ಳುವ ಹಾಗೆ ಇಟ್ಟಿದ್ದಳು. ಎತ್ತಿದ್ದು ನಾನು.

ಹನ್ನೊಂದು ಎದ್ದಿತ್ತು, ಇನ್ನೂ ಹಳೆಯ ಮೈಯಲ್ಲೇ ಇತ್ತು. ಒಳಹೋಗಲು ಪಾಸ್‌ವರ್ಡ್ ಕೇಳಿತು. ನನಗೆ ನೆನಪಿಲ್ಲ ಅಂದುಕೊಂಡೆ. ಬೆರಳುಗಳಿಗೆ ನೆನಪಿತ್ತು.

ಒಳಗೆ ಇದ್ದದ್ದು ಎರಡೇ ಕಡತ. ಒಂದರ ಹೆಸರು 'ವಹಿಸಿಕೊಡುವ ಪಟ್ಟಿ, ಕೆಲಸ'. ಅದು ನನಗೆ ಬಾಯಿಪಾಠ. ಕೆಲಸ ಬಿಡುವವರು ಬರುವವರಿಗೆ ಇಂಥ ಪಟ್ಟಿ ಬರೆದುಕೊಡುವುದು ನಮ್ಮಲ್ಲಿ ಪದ್ಧತಿ, ಯಾವ ಯಂತ್ರಕ್ಕೆ ಏನು ಕಾಯಿಲೆ, ಯಾವುದಕ್ಕೆ ಹೇಗೆ ಉಪಚಾರ ಅಂತ. 'ನಾಲ್ಕರ ಪವರ್ ಬಟನ್ ಒಂದೇ ಸಲಕ್ಕೆ ಕೇಳುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ.' ಅಕ್ಕ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದಾಗ ಆ ಪಟ್ಟಿಯನ್ನು ಪಿನ್ ಹೊಡೆದು ನನ್ನ ಕೈಗೆ ಕೊಟ್ಟಿದ್ದಳು. ಈಗಲೂ ಮೇಜಿನ ಡ್ರಾದಲ್ಲಿದೆ.

ಇನ್ನೊಂದರ ಹೆಸರು 'ವಹಿಸಿಕೊಡುವ ಪಟ್ಟಿ, ಮನೆ'.

ಮತ್ತೆ ಫೋನು ಹೊಡೆದುಕೊಂಡಿತು. ಎತ್ತಲಿಲ್ಲ. ಹನ್ನೆರಡು ಸಲ ಹೊಡೆದುಕೊಂಡು ನಿಂತಿತು. ಕಡತ ತೆರೆದೆ.

ಯಂತ್ರಗಳಿಗೆ ಬರೆದ ಹಾಗೇ ಬರೆದಿದ್ದಳು. ಒಂದು ಕಣ್ಣೀರಿನ ಮಾತಿಲ್ಲ.

'ಮಗಳು. ಬ್ರೆಡ್ಡಿನ ಅಂಚು ತಿನ್ನುವುದಿಲ್ಲ. ಬಲವಂತ ಬೇಡ. ಕತ್ತರಿಸಿ ನೀವು ತಿನ್ನಿ, ಅವಳೆದುರಿಗೇ ತಿನ್ನಿ, ಎಸೆದರೆ ಬೇಜಾರು ಮಾಡಿಕೊಳ್ಳುತ್ತಾಳೆ.

'ಜಡೆ ಹಾಕುವಾಗ ಎಡಗಡೆ ಮೊದಲು. ಬಲಗಡೆ ಮೊದಲು ಹಿಡಿದರೆ ಅಳುತ್ತಾಳೆ. ಕಾರಣ ನನಗೂ ಗೊತ್ತಾಗಿಲ್ಲ.

'ಸುಳ್ಳು ಹೇಳುವಾಗ ಕಾಲ್ಬೆರಳು ಮಡಚಿಕೊಳ್ಳುತ್ತಾಳೆ. ನೀವು ನೋಡಿದಿರಿ ಎಂದು ತೋರಿಸಿಕೊಳ್ಳಬೇಡಿ. ತೋರಿಸಿಕೊಂಡರೆ ಬೂಟು ಹಾಕಿಕೊಂಡು ಸುಳ್ಳು ಹೇಳಲು ಕಲಿಯುತ್ತಾಳೆ.

'ಜ್ವರ ಬಂದರೆ ಮಾತು ಜಾಸ್ತಿ. ಮಾತು ಜಾಸ್ತಿಯಾದರೆ ಹಣೆ ಮುಟ್ಟಿ ನೋಡಿ.

'ಅವರು. ಬಾಗಿಲು ಹಾಕಿದೆಯೇ ಎಂದು ಮೂರು ಸಲ ಎದ್ದು ನೋಡುತ್ತಾರೆ. ನಗಬೇಡಿ.'

ಹೀಗೆ ನಾಲ್ಕು ಪುಟ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಆ ಕಾಲ್ಬೆರಳಿನ ಸಂಗತಿ ತಿಳಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಜ್ವರದ ಮಾತು ತಿಳಿಯದೆ ಒಂದು ಸಲ ಅವಳನ್ನು ಬಾಯಿ ಮುಚ್ಚು ಎಂದು ಗದರಿ, ಆಮೇಲೆ ಮುಟ್ಟಿ ನೋಡಿ, ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡು ಅತ್ತಿದ್ದೆ. ನಾನು ಎಡವಿ, ಬೈಸಿಕೊಂಡು, ಒದೆಸಿಕೊಂಡು ಕಲಿತ ಒಂದೊಂದೂ ಇಲ್ಲಿ ಮೊದಲೇ ಬರೆದಿತ್ತು, ನಾನು ಆ ಮನೆಗೆ ಕಾಲಿಡುವ ಮೂರು ವರ್ಷ ಮೊದಲು. ಬ್ರೆಡ್ಡಿನ ಅಂಚನ್ನು ನಾನು ತಿನ್ನುವುದು ಹಸಿವಿಗೆ ಎಂದುಕೊಂಡಿದ್ದೆ. ಹಾಗಾದರೆ ಇಷ್ಟು ವರ್ಷ ತಿಂದದ್ದು ನಾನೋ, ನನ್ನ ಕೈಯಲ್ಲಿ ಅವಳೋ?

ನನ್ನ ಎದುರಿಗೆ ಹತ್ತು ಯಂತ್ರಗಳ ಹಸಿರು ದೀಪಗಳು ಒಂದೇ ತಾಳದಲ್ಲಿ ಮಿನುಗುತ್ತಿದ್ದವು. ಬೆಳಿಗ್ಗೆ ಬರಿಯ ಕಬ್ಬಿಣವಾಗಿದ್ದವು. ಎಬ್ಬಿಸಿ, ತೊಳೆದು, ಹೆಸರಿಟ್ಟು, ಮನೆ ಸೇರಿಸಿದ್ದಾಯಿತು. ಈಗ ಅವುಗಳನ್ನು ಕೇಳಿದರೆ ತಾವೇ ಎದ್ದೆವು ಅನ್ನುತ್ತವೆ.

ಕೊನೆಯ ಪುಟದಲ್ಲಿ ಒಂದು ಸಾಲು ಅರ್ಧಕ್ಕೆ ನಿಂತಿತ್ತು. 'ರಾತ್ರಿ ಬೆಚ್ಚಿಬಿದ್ದು ಎದ್ದು ಕೂತರೆ' ಎಂದಿತ್ತು, ಮುಂದೆ ಖಾಲಿ. ಆಮೇಲೆ ಬರೆಯೋಣ ಎಂದುಕೊಂಡಿದ್ದಳೇನೋ. ಅಥವಾ ತಾಯಿ ಇರುವಾಗ ಮಗು ಬೆಚ್ಚಿಬೀಳುತ್ತಲೇ ಇರಲಿಲ್ಲವೋ. ಏನು ಮಾಡಬೇಕೆಂದು ನನಗೆ ಗೊತ್ತು. ದೀಪ ಹಾಕಬಾರದು. ಮಂಚದ ಮೇಲೆ ಕೂರಬಾರದು, ಕೆಳಗೆ ನೆಲದ ಮೇಲೆ ಕೂರಬೇಕು, ಕೈ ಮಾತ್ರ ಮಂಚದ ಅಂಚಿಗೆ ಇಡಬೇಕು, ಅವಳು ಬೇಕಾದರೆ ಹಿಡಿದುಕೊಳ್ಳುತ್ತಾಳೆ. ಹೆಚ್ಚು ಸಲ ಹಿಡಿದುಕೊಳ್ಳುತ್ತಿರಲಿಲ್ಲ. ಆದರೂ ಕೈ ಅಲ್ಲಿರಬೇಕು.

ಅದರ ಕೆಳಗೆ, ಪುಟದ ತೀರ ಬುಡದಲ್ಲಿ, ಕೊನೆಯ ಸಾಲು.

'ಗಡಿಬಿಡಿಯೇ ಓದುತ್ತಿದ್ದರೆ: ಒಂದೇ ಸಲಕ್ಕೆ ಎಲ್ಲಾ ಓದಬೇಡ. ಮೊದಲು ಊಟ ಮಾಡು.'

ಗಡಿಬಿಡಿ ಎಂದರೆ ನಾನು. ಅವಳೊಬ್ಬಳೇ ನನ್ನನ್ನು ಹಾಗೆ ಕರೆಯುತ್ತಿದ್ದವಳು.

ಗಡಿಯಾರ ನೋಡಿದೆ. ಎರಡು ಗಂಟೆ. ಊಟದ ಡಬ್ಬಿ ಚೀಲದಲ್ಲಿ ಹಾಗೇ ಇತ್ತು. ಬೆನ್ನ ಹಿಂದೆ ಯಾರೋ ನಿಂತು ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದೆ. ಕುರ್ಚಿಯ ಬೆನ್ನು, ಅಷ್ಟೇ. ನನಗಿಂತ ನಾಲ್ಕು ಬೆರಳು ಎತ್ತರ.

ಯಾವ ಗಡಿಬಿಡಿ ಓದುತ್ತಾಳೆಂದು ಬರೆದಳು? ಯಂತ್ರ ನೋಡಿಕೊಳ್ಳುವವಳೆಂದೋ, ಮನೆ ನೋಡಿಕೊಳ್ಳುವವಳೆಂದೋ? ಮೂರನೇ ಮಹಡಿಯ ಹಾಸಿಗೆಯಿಂದ ನನ್ನ ಮುಖವನ್ನು ಅಷ್ಟು ಹೊತ್ತು ನೋಡುತ್ತಿದ್ದದ್ದು ಅದಕ್ಕೋ? ಕೇಳೋಣವೆಂದರೆ ಫೋನು ಬರುತ್ತದೆ, ಮಾತು ಬರುವುದಿಲ್ಲ.

ಈ ಸಲ ಹೊಡೆದುಕೊಂಡದ್ದು ನನ್ನ ಮೊಬೈಲು. ಮ್ಯಾನೇಜರ್.

"ಎಲ್ಲಿಗೆ ಬಂತು ಮೇಡಂ? ನಾಲ್ಕು ಗಂಟೆಗೆ ಮೇಲಿನವರಿಗೆ ತೋರಿಸ್ಬೇಕು."

"ಹನ್ನೊಂದರ ಹತ್ರ ನಿಂತಿದೆ ಸರ್."

"ಯಾಕೆ, ಕೆಟ್ಟಿದೆಯಾ? ಕೆಟ್ಟಿದ್ರೆ ಬಿಟ್ಬಿಡಿ, ಇಪ್ಪತ್ಮೂರರಲ್ಲೇ ಮಾಡಿ. ಅದನ್ನ ಸೋಮವಾರ ಗುಜರಿಗೆ ಹಾಕೋಣ."

"ಕೆಟ್ಟಿಲ್ಲ. ಸ್ವಲ್ಪ ಕೇಳ್ತಾ ಇದೆ."

"ಏನ್ ಕೇಳ್ತಿದೆ?"

"ಅರ್ಧ ಗಂಟೆ ಕೊಡಿ ಸರ್."

ಡಬ್ಬಿ ತೆಗೆದು ಊಟ ಮಾಡಿದೆ. ಪೂರ್ತಿ. ಆಮೇಲೆ ಆ ನಾಲ್ಕು ಪುಟಗಳನ್ನು ಪ್ರಿಂಟಿಗೆ ಕಳಿಸಿ, ಓಣಿಯ ತುದಿಯಲ್ಲಿರುವ ಪ್ರಿಂಟರಿನ ಹತ್ತಿರ ಹೋಗಿ ನಿಂತೆ. ಒಂದೊಂದೇ ಪುಟ ಬೆಚ್ಚಗೆ ಈಚೆ ಬಂತು. ಆಸ್ಪತ್ರೆಯ ಪ್ರಿಂಟರು ಪ್ರತಿ ಪುಟದ ಬುಡದಲ್ಲಿ ಅಂದಿನ ತಾರೀಖು, ಗಂಟೆ, ತೆಗೆದವರ ಹೆಸರು ತಾನೇ ಹಾಕುತ್ತದೆ. ಅದನ್ನು ನೋಡಿ ಜೀವಕ್ಕೆ ಎಷ್ಟೋ ಸಮಾಧಾನವಾಯಿತು. ಇವತ್ತಿನ ತಾರೀಖು. ನನ್ನ ಹೆಸರು. ಇದಕ್ಕಿಂತ ಮೊದಲು ನಾನಿದನ್ನು ಕಣ್ಣಲ್ಲಿ ನೋಡಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಯಾರ ಪಟ್ಟಿಯನ್ನೂ ನೋಡಿಕೊಂಡು ನಾನು ನಿನ್ನನ್ನು ಸಾಕಲಿಲ್ಲ ಪುಟ್ಟಿ, ಇಲ್ಲಿ ನೋಡು, ಅಚ್ಚಾಗಿದೆ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಫೋನು ಹೊಡೆದುಕೊಂಡಿತು. ಎತ್ತಿ ಕಿವಿಗಿಟ್ಟುಕೊಂಡೆ. ಅದೇ ಕಾಯುವ ಮೌನ.

"ಊಟ ಆಯ್ತು ಅಕ್ಕ" ಅಂದೆ.

ಒಂದನ್ನು ಒತ್ತಿದೆ. ಎಷ್ಟೋ ವರ್ಷ ಅವಳ ಬೆರಳು, ಅಷ್ಟೇ ವರ್ಷ ನನ್ನ ಬೆರಳು ಒತ್ತಿ ಸವೆದ ಗುಂಡಿ, ಮೇಲಿನ ಅಂಕಿ ಕಾಣುತ್ತಲೇ ಇರಲಿಲ್ಲ. ಟಕ್ ಎಂದು ಲೈನು ಕಟ್ಟಾಯಿತು. ಮೂಲೆಯಲ್ಲಿ ಹನ್ನೊಂದರ ಫ್ಯಾನು ಏರಿತು, ಬಹಳ ಹೊತ್ತು ಏರಿಯೇ ಇತ್ತು, ಆಮೇಲೆ ಉಳಿದವುಗಳ ಮೊರೆತದಲ್ಲಿ ಸೇರಿಹೋಗಿ ಯಾವುದು ಅದರದು ಎಂದು ತಿಳಿಯದಾಯಿತು.

ಹನ್ನೊಂದನ್ನು ತೊಳೆದೆ. ಹನ್ನೊಂದಕ್ಕೆ ಹೆಸರಿಟ್ಟೆ. ಹನ್ನೊಂದು ಮನೆ ಸೇರಿತು. ಹನ್ನೆರಡು ಎದ್ದಿತು.

ತಂಪು ಮಾಮ ಬಾಗಿಲಿನ ಗಾಜಿನಲ್ಲಿ ಮುಖ ಇಟ್ಟು, ಸನ್ನೆಯಲ್ಲಿ ಎಲ್ಲಾ ಸರಿಯೇ ಎಂದು ಕೇಳಿದ. ಸರಿ ಎಂದು ತಲೆಯಾಡಿಸಿದೆ. ಅವನು ಹೋದ ಮೇಲೆ ಡ್ರಾದಿಂದ ಕತ್ತರಿ ತೆಗೆದೆ.

ಇವತ್ತು ಸಂಜೆ ಇದನ್ನು ಅವಳ ಕೈಗೆ ಕೊಡುತ್ತೇನೆ, 'ನಿನ್ನದು' ಅನ್ನುತ್ತೇನೆ, ಅಷ್ಟೇ. ಅವಳು ಮೊದಲು ಬ್ರೆಡ್ಡಿನ ಅಂಚು ಓದುತ್ತಾಳೆ, ಆಮೇಲೆ ಜಡೆ. ತಲೆ ಎತ್ತಿ ನನ್ನನ್ನು ನೋಡುತ್ತಾಳೆ. ಇಷ್ಟು ವರ್ಷ ಇದನ್ನು ಬಚ್ಚಿಟ್ಟುಕೊಂಡು, ಇದನ್ನು ನೋಡಿಕೊಂಡೇ ನನ್ನನ್ನು ಸಾಕಿದೆಯಾ, ಇಲ್ಲ ಅಂದಿದ್ದೆಯಲ್ಲ, ಸುಳ್ಳುಗಾತಿ, ಅನ್ನಬಹುದು. ಅನ್ನಲಿ. ಪುಟದ ಬುಡದಲ್ಲಿ ತಾರೀಖು ಇದ್ದರೆ ಅವಳ ಕಣ್ಣು ಅಲ್ಲಿಗೆ ಹೋಗುತ್ತದೆ, ಆಗ ಅದು ನನ್ನ ಕಾಗದವಾಗಿಬಿಡುತ್ತದೆ. ತಾರೀಖಿಲ್ಲದಿದ್ದರೆ ಆರು ವರ್ಷದ ಎಲ್ಲ ಬೆಳಗೂ ಅವಳ ಅಮ್ಮನದು. ತನಗೆ ಬರೆಯಲು ಅಮ್ಮನಿಗೆ ಪುರುಸೊತ್ತು ಸಿಗಲಿಲ್ಲ ಎಂದು ಆ ಹುಡುಗಿ ಮತ್ತೆ ಅಂದುಕೊಳ್ಳಬಾರದು.

ನಾಲ್ಕೂ ಪುಟಗಳ ಬುಡವನ್ನು ನೇರವಾಗಿ ಕತ್ತರಿಸಿದೆ. ಕೊನೆಯ ಪುಟದಿಂದ ಕತ್ತರಿಸಿದ ತುಂಡಿನಲ್ಲಿ ತಾರೀಖಿನ ಜೊತೆ ಗಡಿಬಿಡಿಯ ಸಾಲೂ ಬಂತು. ಅದೊಂದು ನನ್ನದು. ಮಡಚಿ ಖಾಲಿ ಡಬ್ಬಿಯೊಳಗೆ ಹಾಕಿಕೊಂಡೆ.

ಈಗ ಪುಟದ ಕೊನೆಯಲ್ಲಿ ಉಳಿದದ್ದು ಆ ಅರ್ಧ ಸಾಲು. ರಾತ್ರಿ ಬೆಚ್ಚಿಬಿದ್ದು ಎದ್ದು ಕೂತರೆ. ಪೆನ್ನು ಕೈಯಲ್ಲೇ ಇತ್ತು. ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಅವಳು ಅಲ್ಲಿಯವರೆಗೆ ಓದಿ ನಿಂತರೆ ನಿಲ್ಲಲಿ. ಆ ಖಾಲಿ ಜಾಗದಲ್ಲಿ ಮಂಚದ ಅಂಚಿಗೊಂದು ಕೈ ಕಂಡರೆ ಕಾಣಲಿ, ಕಾಣದಿದ್ದರೂ ಸರಿ. ಅವಳಿಗೂ ಹೇಳುವುದಿಲ್ಲ, ಮನೆಯಲ್ಲಿ ಅವರಿಗೂ ಹೇಳುವುದಿಲ್ಲ.

ಪುಟಗಳಿಗೆ ಪಿನ್ ಹೊಡೆದು ಚೀಲದಲ್ಲಿಟ್ಟು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಹನ್ನೆರಡರ ಕೇಬಲ್ಲಿಗೆ ಚೀಟಿ ಅಂಟಿಸಲು ಕಪಾಟಿನ ಹಿಂದಕ್ಕೆ ಹೋದೆ.